ಬಾಡಿಗೆ ಮನೆಯ ವೈರಿಂಗ್ ಬದಲಾವಣೆ: ಎಲ್ಲಿಯವರೆಗೆ ನಮ್ಮ ಕೈ, ಎಲ್ಲಿಂದ ಮಾಲೀಕರ ಹೊಣೆ? (ಒಂದು ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಎರಡನೇ ಮಹಡಿ

ಬೆಂಗಳೂರಿನ ಹನುಮಂತನಗರದಲ್ಲಿ ಹಳೆಯ ಮೂರಂತಸ್ತಿನ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ನಾವು ಕಳೆದ ಜೂನ್‌ನಿಂದ ಬಾಡಿಗೆಗೆ ಇದ್ದೇವೆ. ಮನೆಗೆ ಗಾಳಿ ಬೆಳಕು ಚೆನ್ನಾಗಿದೆ, ನೀರಿಗೆ ತೊಂದರೆಯಿಲ್ಲ, ಆದರೆ ವಿದ್ಯುತ್ ವ್ಯವಸ್ಥೆ ಮಾತ್ರ ಮನೆ ಕಟ್ಟಿದ ಕಾಲದಲ್ಲೇ ನಿಂತುಬಿಟ್ಟಿದೆ. ಅಡುಗೆಮನೆಯಲ್ಲಿ ಇರುವುದು ಒಂದೇ 6 ಆಂಪಿಯರ್ ಸಾಕೆಟ್. ಅದಕ್ಕೊಂದು ಎಕ್ಸ್‌ಟೆನ್ಷನ್ ಬಾಕ್ಸ್ ಸಿಕ್ಕಿಸಿ ಫ್ರಿಜ್, ಮಿಕ್ಸಿ, ಇಂಡಕ್ಷನ್ ಒಲೆ ಮೂರನ್ನೂ ನಡೆಸುತ್ತಿದ್ದೇವೆ, ಒಲೆ ಹಚ್ಚಿದ ಹತ್ತು ನಿಮಿಷಕ್ಕೆ ಆ ಬಾಕ್ಸಿನ ಪ್ಲಗ್ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ವಾಷಿಂಗ್ ಮಷೀನನ್ನು ಒದ್ದೆ ಕೈಯಲ್ಲಿ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಇವೆರಡರ ಜೊತೆಗೆ ಬೇಸಿಗೆಗೆ ಮೊದಲು ಮಲಗುವ ಕೋಣೆಗೆ ಏಸಿ ಹಾಕಿಸಬೇಕೆಂದೂ, ಸ್ವಿಚ್‌ಗಳನ್ನು ಮೊಬೈಲಿನಿಂದ ನಡೆಯುವಂತೆ ಬದಲಾಯಿಸಬೇಕೆಂದೂ ನಮ್ಮ ಮನೆಯವರ ಆಸೆ.

ಮಾಲೀಕರಿಗೆ ಫೋನ್ ಮಾಡಿದಾಗ, ‘ಏನು ಬೇಕಾದರೂ ಮಾಡಿಕೊಳ್ಳಿ, ಗೋಡೆ ಮಾತ್ರ ಒಡೆಯಬೇಡಿ, ಖರ್ಚನ್ನು ನನ್ನ ತಲೆಗೆ ಕಟ್ಟಬೇಡಿ’ ಎಂದರು. ಬೀದಿಯ ಕೊನೆಯ ಅಂಗಡಿಯಿಂದ ಕರೆಸಿದ ಎಲೆಕ್ಟ್ರಿಷಿಯನ್, ಅಡುಗೆಮನೆಯ ಸಾಕೆಟ್ ತೆಗೆದು 16 ಆಂಪಿಯರ್‌ನದನ್ನು ಕೂರಿಸಿದರೆ ಮುಗಿಯಿತೆಂದೂ, ಶಾಕ್ ತಪ್ಪಿಸಲು ವಾಷಿಂಗ್ ಮಷೀನಿನ ಸಾಕೆಟ್ಟಿನಲ್ಲಿ ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೆ ಸೇರಿಸಿಬಿಟ್ಟರೆ ಸಾಕೆಂದೂ ಹೇಳಿ, ಅರ್ಧ ಗಂಟೆಯ ಕೆಲಸವೆಂದರು. ಯಾಕೋ ಮನಸ್ಸು ಒಪ್ಪದೆ ಅವರನ್ನು ವಾಪಸು ಕಳಿಸಿದೆ. ಹತ್ತು ತಿಂಗಳ ಅಡ್ವಾನ್ಸ್ ಮಾಲೀಕರ ಬಳಿ ಇರುವುದರಿಂದ ಅವರನ್ನು ಎದುರು ಹಾಕಿಕೊಳ್ಳುವ ಧೈರ್ಯವೂ ಇಲ್ಲ. ಇವುಗಳಲ್ಲಿ ನಾವೇ ಮಾಡಿಸಬಹುದಾದದ್ದು ಯಾವುದು, ಮಾಲೀಕರೇ ಮಾಡಿಸಬೇಕಾದದ್ದು ಯಾವುದು?

ತಂತಿ ಮೇಷ್ಟ್ರು

ಆ ಎಲೆಕ್ಟ್ರಿಷಿಯನ್ನನ್ನು ವಾಪಸು ಕಳಿಸಿ ಒಳ್ಳೆಯ ಕೆಲಸ ಮಾಡಿದಿರಿ. ಮೂವತ್ತು ವರ್ಷ ವೈರಿಂಗ್ ಮೇಲ್ವಿಚಾರಕನಾಗಿ ದುಡಿದವನು ನಾನು, ಅವನು ಹೇಳಿದ ಎರಡೂ ಉಪಾಯಗಳನ್ನು ನೂರಾರು ಮನೆಗಳಲ್ಲಿ ಬಿಚ್ಚಿ ತೆಗೆದಿದ್ದೇನೆ.

ಮೊದಲು ಶಾಕ್ ವಿಷಯ. ಈಗಿನ ವಾಷಿಂಗ್ ಮಷೀನ್‌ಗಳ ಒಳಗೆ ವಿದ್ಯುತ್ ಗದ್ದಲವನ್ನು ತಡೆಯುವ ಒಂದು ಫಿಲ್ಟರ್ ಇರುತ್ತದೆ. ಅದರಲ್ಲಿ ವಿದ್ಯುತ್ತು ತರುವ ಫೇಸ್ ತಂತಿಯಿಂದ ಒಂದು, ಅದನ್ನು ವಾಪಸು ಒಯ್ಯುವ ನ್ಯೂಟ್ರಲ್‌ನಿಂದ ಒಂದು, ಹೀಗೆ ಎರಡು ಸಣ್ಣ ಕೆಪಾಸಿಟರ್‌ಗಳು ಯಂತ್ರದ ಲೋಹದ ಮೈಗೆ ಸೇರಿರುತ್ತವೆ. ಅರ್ಥಿಂಗ್ ಸರಿಯಾಗಿದ್ದರೆ ಅವುಗಳ ಮೂಲಕ ಸೋರುವ ಅಲ್ಪ ವಿದ್ಯುತ್ತು ನೆಲಕ್ಕಿಳಿದು ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಅರ್ಥಿಂಗ್ ಇಲ್ಲದಿದ್ದರೆ ಯಂತ್ರದ ಮೈ 230 ವೋಲ್ಟ್‌ನ ಸುಮಾರು ಅರ್ಧದಲ್ಲಿ ತೇಲುತ್ತಿರುತ್ತದೆ, ಆಗ ನಿಮ್ಮ ಬೆರಳೇ ಅದಕ್ಕೆ ದಾರಿ. ಆದ್ದರಿಂದ ಯಂತ್ರ ಕೆಟ್ಟಿರಲಿಕ್ಕಿಲ್ಲ, ಈ ಜುಮ್ಮೆನ್ನುವಿಕೆಯಿಂದ ಸಾಮಾನ್ಯವಾಗಿ ಜೀವಾಪಾಯವೂ ಇರುವುದಿಲ್ಲ. ದೊಡ್ಡ ಅಪಾಯ ಇರುವುದು ಅದು ಕೊಡುತ್ತಿರುವ ಸುದ್ದಿಯಲ್ಲಿ: ನಿಮ್ಮ ಸಾಕೆಟ್ಟಿನ ಮೂರನೆಯ ತೂತು ಕೇವಲ ಅಲಂಕಾರಕ್ಕಿದೆ, ನಾಳೆ ಗೀಸರಿನ ಕಾಯಿಲ್ ಒಡೆದು ನಿಜವಾದ ಫೇಸ್ ಮೈಗೆ ತಾಗಿದರೆ ಅದನ್ನು ತಡೆಯುವವರು ಯಾರೂ ಇಲ್ಲ.

ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೆ ಸೇರಿಸಿದರೆ ಜುಮ್ಮೆನ್ನುವುದು ನಿಲ್ಲುತ್ತದೆ, ಅದು ನಿಜ. ಆದರೆ ಎಲ್ಲೋ ಒಂದು ಕಡೆ ನ್ಯೂಟ್ರಲ್ ತಂತಿ ಸಡಿಲವಾಗಿ ಕಡಿದುಕೊಂಡ ದಿನ ಯಂತ್ರದ ಮೈಗೆ ಪೂರ್ತಿ 230 ವೋಲ್ಟ್ ಬಂದು ಕೂರುತ್ತದೆ. ಯಾರಾದರೂ ಮೈನ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲು ಬದಲು ಮಾಡಿದರೂ ಅಷ್ಟೇ. ಮುಂದೆ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್) ಹಾಕಿಸಿದರೂ ಯಂತ್ರದ ಮೈಗೆ ಸೋರುವುದರ ಮಟ್ಟಿಗೆ ಪ್ರಯೋಜನವಿಲ್ಲ, ಏಕೆಂದರೆ ಸೋರಿದ ವಿದ್ಯುತ್ತು ನ್ಯೂಟ್ರಲ್ ಮೂಲಕವೇ ಹಿಂದಿರುಗುವುದರಿಂದ ಹೋದದ್ದಕ್ಕೂ ಬಂದದ್ದಕ್ಕೂ ಲೆಕ್ಕ ಸರಿಹೋಗಿ ಆ ಉಪಕರಣಕ್ಕೆ ಏನೂ ತಿಳಿಯುವುದಿಲ್ಲ. ಇದಕ್ಕಿಂತ ಜುಮ್ಮೆನ್ನುವ ಯಂತ್ರವೇ ಮೇಲು. ಅದು ಎಚ್ಚರಿಕೆಯನ್ನಾದರೂ ಕೊಡುತ್ತದೆ.

ಇನ್ನು ಅಡುಗೆಮನೆಯ ಸಾಕೆಟ್. ಸಾಕೆಟ್ಟಿನ ಮೇಲೆ 16 ಎಂದು ಬರೆದಿದ್ದ ಮಾತ್ರಕ್ಕೆ ಗೋಡೆಯೊಳಗಿನ ತಂತಿ ದಪ್ಪವಾಗುವುದಿಲ್ಲ. ದೀಪ, ಫ್ಯಾನುಗಳ ಬೋರ್ಡಿಗೆ ಬಂದಿರುವುದು ಬಹುತೇಕ 1.5 ಚದರ ಮಿಲಿಮೀಟರ್ ತಂತಿ, ಅದಕ್ಕಿಂತ ಸಣ್ಣದೂ ಇರಬಹುದು. ಹಳೆಯ ಕಟ್ಟಡವಾದ್ದರಿಂದ ಅದು ಅಲ್ಯೂಮಿನಿಯಂ ಆಗಿದ್ದರೂ ಆಶ್ಚರ್ಯವಿಲ್ಲ. 2 ಕಿಲೋವ್ಯಾಟ್ ಇಂಡಕ್ಷನ್ ಒಲೆ ಎಳೆಯುವುದು ಸುಮಾರು 8.7 ಆಂಪಿಯರ್, 3 ಕಿಲೋವ್ಯಾಟಿನ ದಿಢೀರ್ ಗೀಸರ್ ಎಳೆಯುವುದು 13 ಆಂಪಿಯರ್. ಇಂಥವಕ್ಕೆ ಡಿಬಿಯಿಂದಲೇ, ಅಂದರೆ ಮನೆಯ ವಿದ್ಯುತ್ ಹಂಚುವ ಪೆಟ್ಟಿಗೆಯಿಂದಲೇ, ಬೇರೆ ಸರ್ಕ್ಯೂಟ್ ಬರಬೇಕು. ಒಲೆಗೆ 2.5, ಗೀಸರ್ ಮತ್ತು ಏಸಿಗೆ 4 ಚದರ ಮಿಲಿಮೀಟರ್ ತಾಮ್ರದ ತಂತಿ, ಪ್ರತಿಯೊಂದಕ್ಕೂ ಅದರದೇ ಎಂಸಿಬಿ (ವಿದ್ಯುತ್ತು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಹಾಗೂ ಅದರದೇ ಹಸಿರು ಅರ್ಥ್ ತಂತಿ. ಎಂಸಿಬಿ ಬೀಳುತ್ತದೆಂದು 16ರ ಜಾಗಕ್ಕೆ 32 ಹಾಕುವ ಕೆಲಸವನ್ನು ಯಾರಿಗೂ ಮಾಡಗೊಡಬೇಡಿ. ಎಂಸಿಬಿ ಕಾಯುವುದು ತಂತಿಯನ್ನು, ನಿಮ್ಮ ಒಲೆಯನ್ನಲ್ಲ.

ಗೋಡೆ ಒಡೆಯದೆಯೇ ಇದನ್ನು ಮಾಡಬಹುದು. ತಂತಿಯನ್ನು ಒಳಗಿಟ್ಟು ಮುಚ್ಚುವ ಪಿವಿಸಿ ಕೇಸಿಂಗ್ ಕ್ಯಾಪಿಂಗ್ ಪಟ್ಟಿಯನ್ನು ಸೂರಿನ ಅಂಚಿನಲ್ಲಿ ಎಳೆದು ತಂದರೆ ನಾಲ್ಕು ಸ್ಕ್ರೂ ತೂತುಗಳ ಹೊರತು ಗೋಡೆಗೆ ಏನೂ ಆಗುವುದಿಲ್ಲ. ನೋಡಲು ಅಷ್ಟು ಚೆನ್ನಾಗಿರುವುದಿಲ್ಲ ಎಂದು ಮೂಗು ಮುರಿಯುವವರಿದ್ದಾರೆ, ಬಾಡಿಗೆ ಮನೆಗೆ ಅದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಕೆಲಸ ಮಾಡುವವರು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವ ಗುತ್ತಿಗೆದಾರರ ಕಡೆಯವರಾಗಿರಲಿ, ಮೀಟರಿನ ಸೀಲ್ ಕಡೆಗೆ ಮಾತ್ರ ಯಾರ ಕೈಯೂ ಹೋಗಬಾರದು. ಅಲ್ಲಿಯವರೆಗಿನದು ಬೆಸ್ಕಾಂನದು.

ಹಾಸನದವಳು

ಸ್ವಿಚ್ ಮತ್ತು ಫ್ಯಾನಿನ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಆರು ವರ್ಷಗಳಲ್ಲಿ ಮೂರು ಬಾಡಿಗೆ ಮನೆ ಬದಲಾಯಿಸಿದ್ದೇನೆ, ಮೂರಕ್ಕೂ ನನ್ನ ನಾಲ್ಕು ಸ್ಮಾರ್ಟ್ ಮಾಡ್ಯೂಲ್‌ಗಳು ಮತ್ತು ಕಡಿಮೆ ವಿದ್ಯುತ್ತು ತಿನ್ನುವ ಮೂರು ಬಿಎಲ್‌ಡಿಸಿ ಫ್ಯಾನುಗಳು ನನ್ನ ಜೊತೆಗೇ ಬಂದಿವೆ. ಸ್ವಿಚ್ ಬದಲಾಯಿಸಲೇಬೇಡಿ, ಹಳೆಯ ಸ್ವಿಚ್ಚಿನ ಹಿಂದೆ ಕೂರುವ ಪುಟ್ಟ ಮಾಡ್ಯೂಲ್‌ಗಳು ಸಿಗುತ್ತವೆ. ಅವಕ್ಕೆ ನ್ಯೂಟ್ರಲ್ ಬೇಕು, ನಮ್ಮ ಕಡೆಯ ಬೋರ್ಡುಗಳಲ್ಲಿ ಸ್ವಿಚ್ಚಿನ ಪಕ್ಕದಲ್ಲೇ ಸಾಕೆಟ್ ಇರುವುದರಿಂದ ನ್ಯೂಟ್ರಲ್ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಡಬ್ಬದೊಳಗೆ ಜಾಗವಿದೆಯೇ ಎಂಬುದೊಂದೇ ನಿಜವಾದ ಪ್ರಶ್ನೆ. ಹಳೆಯ ಪಿಯಾನೋ ಸ್ವಿಚ್ಚಿನ ಮರದ ಬೋರ್ಡಾದರೆ ಬೇಕಾದಷ್ಟು ಜಾಗವಿರುತ್ತದೆ, ಹೊಸ ಮಾಡ್ಯುಲರ್ ಡಬ್ಬದಲ್ಲೇ ಒದ್ದಾಡಬೇಕಾಗುತ್ತದೆ.

ಬಿಎಲ್‌ಡಿಸಿ ಫ್ಯಾನಿಗೆ ಹಳೆಯ ರೆಗ್ಯುಲೇಟರ್ ಆಗುವುದಿಲ್ಲ, ಅದನ್ನು ತಪ್ಪಿಸಿ ನೇರವಾಗಿ ಸಂಪರ್ಕ ಕೊಡಿಸಿ. ಸಾಮಾನ್ಯ ಫ್ಯಾನ್ 75 ವ್ಯಾಟ್ ತಿಂದರೆ ಇದು 30ರ ಆಸುಪಾಸಿನಲ್ಲಿ ತಿರುಗುತ್ತದೆ, ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ ಒಂದು ಫ್ಯಾನಿಗೆ 16 ಯೂನಿಟ್ ಉಳಿತಾಯ. ತೆಗೆದ ಫ್ಯಾನು, ರೆಗ್ಯುಲೇಟರುಗಳನ್ನು ಯಾವ ಕೋಣೆಯದೆಂದು ಚೀಟಿ ಅಂಟಿಸಿ ಅಟ್ಟದ ಮೇಲಿಡಿ. ಮೊದಲ ಮನೆ ಬಿಡುವಾಗ ಇದನ್ನು ಮಾಡದೆ, ಎಲ್ಲಿಯೋ ಕಳೆದುಹೋದ ಒಂದು ರೆಗ್ಯುಲೇಟರಿಗೆ ಅಡ್ವಾನ್ಸಿನಲ್ಲಿ ನನ್ನಿಂದ ಮುರಿದುಕೊಂಡ ಹಣದಲ್ಲಿ ಹೊಸ ಫ್ಯಾನೇ ಬರುತ್ತಿತ್ತು.

ಹಳೆಯ ಓನರ್

ಇಲ್ಲಿ ಎಲ್ಲರೂ ಬಾಡಿಗೆದಾರರೇ ಇದ್ದಂತಿದೆ, ಆದ್ದರಿಂದ ಗೋಡೆಯ ಈ ಕಡೆಯಿಂದಲೂ ಒಂದು ಮಾತು. ಮೈಸೂರಿನಲ್ಲಿ ನನ್ನದೊಂದು ನಾಲ್ಕು ಮನೆಗಳ ಕಟ್ಟಡವಿದೆ. ಒಬ್ಬ ಬಾಡಿಗೆದಾರರು ನನಗೆ ತಿಳಿಸದೆ ಏಸಿ ಹಾಕಿಸಿ, ಹೋಗುವಾಗ ಏಸಿ ಬಿಚ್ಚಿಕೊಂಡು ಡಿಬಿಯಿಂದ ಎಳೆದ ತಂತಿಯನ್ನು ಮಾತ್ರ ಹಾಗೇ ಬಿಟ್ಟು, ತುದಿಗೆ ಟೇಪ್ ಸುತ್ತಿ ಪರದೆಯ ಹಿಂದೆ ಸಿಕ್ಕಿಸಿದ್ದರು. ಆ ಎಂಸಿಬಿ ಯಾವುದಕ್ಕೆಂದು ಗೊತ್ತಿಲ್ಲದೆ ಮುಂದಿನವರು ಆನ್ ಮಾಡಿದ್ದಾರೆ. ಗೋಡೆಗೆ ಬಣ್ಣ ಬಳಿಯಲು ಬಂದ ಹುಡುಗನ ಕೈಗೆ ಆ ತುದಿ ಸಿಕ್ಕಿ ಏಣಿಯಿಂದ ಬಿದ್ದ. ಕೈ ಮುರಿಯಿತು, ಜೀವ ಉಳಿಯಿತು. ಅಂದಿನಿಂದ ನಾನೂ ‘ಏನೂ ಮುಟ್ಟಬೇಡಿ’ ಎನ್ನುವ ಮಾಲೀಕನಾಗಿಬಿಟ್ಟೆ.

ಹಾಗೆನ್ನುವುದರಿಂದ ಯಾರೂ ಮುಟ್ಟದೆ ಇರುವುದಿಲ್ಲ, ನನಗೆ ಹೇಳದೆ ಮುಟ್ಟುತ್ತಾರೆ ಎಂಬುದು ಅರ್ಥವಾಗಲು ಇನ್ನೆರಡು ವರ್ಷ ಹಿಡಿಯಿತು. ಈಗ ಯಾವ ಬಾಡಿಗೆದಾರರು ಕೇಳಿದರೂ ಒಪ್ಪುತ್ತೇನೆ. ಕೆಲಸದ ಮುಂಚಿನ ಮತ್ತು ನಂತರದ ಫೋಟೋ ನನಗೆ ಬರಬೇಕು, ಡಿಬಿಯ ಬಾಗಿಲ ಒಳಗಡೆ ಯಾವ ಎಂಸಿಬಿ ಯಾವುದಕ್ಕೆಂದು ಬರೆದು ಅಂಟಿಸಬೇಕು, ತಂತಿಯ ಖರ್ಚು ನನ್ನದು, ಕೂಲಿ ಅವರದು. ತಂತಿ ನನ್ನ ಮನೆಯಲ್ಲೇ ಉಳಿಯುವುದಾದ್ದರಿಂದ ಅದಕ್ಕೆ ಹಣ ಕೊಡಲು ನನಗೇನೂ ಸಂಕಟವಿಲ್ಲ. ನಿಮ್ಮ ಮಾಲೀಕರ ಮುಂದೆ ಇದೇ ಲೆಕ್ಕವನ್ನು ಇಟ್ಟು ನೋಡಿ.

ಕಟಕಟೆ

ಕಾನೂನಿನ ಮಾತು ಬಾರದೆ ಈ ಚರ್ಚೆ ಮುಂದೆ ಹೋಗುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಕರ್ನಾಟಕ ಬಾಡಿಗೆ ಅಧಿನಿಯಮ, 1999 ಎಂಬುದೊಂದು ಇದೆಯಾದರೂ, ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಇಂದಿನ ಬೆಂಗಳೂರಿನಲ್ಲಿ ಆ ಮೊತ್ತಕ್ಕೆ ಸ್ಕೂಟರ್ ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ. ಹಾಗಾಗಿ ನಮ್ಮಲ್ಲಿ ಬಹುಪಾಲು ಜನರಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಪ್ರಕರಣ ಮತ್ತು ನೀವು ಸಹಿ ಹಾಕಿರುವ 11 ತಿಂಗಳ ಕರಾರು.

ಆ ಪ್ರಕರಣದ ಪ್ರಕಾರ, ಬಾಡಿಗೆದಾರನು ತಾನು ಜೋಡಿಸಿದ ವಸ್ತುಗಳನ್ನು ಮನೆ ತನ್ನ ಸ್ವಾಧೀನದಲ್ಲಿರುವಾಗಲೇ ತೆಗೆದುಕೊಂಡು ಹೋಗಬಹುದು, ಆದರೆ ಮನೆಯನ್ನು ಪಡೆದ ಸ್ಥಿತಿಯಲ್ಲೇ ಬಿಟ್ಟುಕೊಡಬೇಕು. ಬೀಗದ ಕೈ ಒಪ್ಪಿಸಿದ ಮೇಲೆ ‘ನನ್ನ ಫ್ಯಾನ್ ಅಲ್ಲೇ ಉಳಿಯಿತು’ ಎಂದರೆ ನಡೆಯುವುದಿಲ್ಲ. ನಿಮ್ಮ ಪಾಲಿಗೆ ಇದಕ್ಕಿಂತ ಮುಖ್ಯವಾದ ಇನ್ನೊಂದು ಉಪಬಂಧವಿದೆ. ಮಾಲೀಕನು ಮಾಡಿಸಲು ಬದ್ಧನಾಗಿರುವ ದುರಸ್ತಿಯನ್ನು, ನೋಟಿಸು ಕೊಟ್ಟ ನಂತರವೂ ಯುಕ್ತ ಕಾಲದೊಳಗೆ ಮಾಡಿಸದಿದ್ದರೆ, ಬಾಡಿಗೆದಾರನು ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ‘ಬದ್ಧನಾಗಿರುವ’ ಎಂಬ ಪದದಲ್ಲಿಯೇ ಎಲ್ಲ ಜಗಳವೂ ಅಡಗಿದೆ. ಕರಾರಿನಲ್ಲಿ ‘ಸಣ್ಣಪುಟ್ಟ ದುರಸ್ತಿ ಬಾಡಿಗೆದಾರರದು, ಕಟ್ಟಡ ಮತ್ತು ವಿದ್ಯುತ್ ವ್ಯವಸ್ಥೆಯ ದೊಡ್ಡ ದುರಸ್ತಿ ಮಾಲೀಕರದು’ ಎಂಬರ್ಥದ ಸಾಲು ಇದ್ದರೆ ನಿಮ್ಮ ಕೈ ಮೇಲು. ಇಲ್ಲದಿದ್ದರೆ ಕಾನೂನು ಹಿಡಿದು ಬಾಡಿಗೆ ಮುರಿದುಕೊಳ್ಳುವುದಕ್ಕಿಂತ ಮಾತಿನಲ್ಲಿ ಬಗೆಹರಿಸಿಕೊಳ್ಳುವುದೇ ಜಾಣತನ.

ಆದ್ದರಿಂದ ನಿಮ್ಮ ಮೂರು ಕೆಲಸಗಳನ್ನು ಒಂದೇ ಮೂಟೆಯಲ್ಲಿ ಕಟ್ಟಬೇಡಿ. ಸ್ವಿಚ್ ಮತ್ತು ಏಸಿ ನಿಮ್ಮ ಅನುಕೂಲ. ಅರ್ಥಿಂಗ್ ಇಲ್ಲದಿರುವುದು ಮನೆಯ ದೋಷ. ನೀವು ಫೋನಿನಲ್ಲಿ ‘ಏಸಿ, ಸ್ವಿಚ್, ಶಾಕ್’ ಎಂದು ಒಂದೇ ಉಸಿರಿಗೆ ಹೇಳಿದ್ದಕ್ಕೆ ಅವರೂ ಒಂದೇ ಉಸಿರಿಗೆ ‘ಖರ್ಚು ನನ್ನದಲ್ಲ’ ಎಂದಿರಬೇಕು. ಅರ್ಥಿಂಗ್ ಬಗ್ಗೆ ಮಾತ್ರ ಪ್ರತ್ಯೇಕವಾಗಿ ಒಂದು ವಾಟ್ಸಾಪ್ ಸಂದೇಶ ಕಳಿಸಿ, ಅದರಲ್ಲಿ ಅಳತೆಯ ಅಂಕಿಗಳಿರಲಿ, ಹಣದ ಮಾತು ಇರದಿರಲಿ.

ಬೇಸ್‌ಮೆಂಟ್ ಸ್ಕೂಟರ್

ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಬಾಡಿಗೆಗಿರುವವರಿಗೆ ಮಾಲೀಕರ ಜೊತೆಗೆ ಅಸೋಸಿಯೇಷನ್ ಎಂಬ ಇನ್ನೊಬ್ಬ ಮಾಲೀಕರೂ ಇರುತ್ತಾರೆ ಎಂಬುದನ್ನು ಸೇರಿಸುತ್ತೇನೆ. ನಮ್ಮಲ್ಲಿ ಪ್ರತಿ ಫ್ಲ್ಯಾಟಿಗೂ ಜನರೇಟರಿನಿಂದ 1 ಕಿಲೋವ್ಯಾಟ್ ಮಾತ್ರ ಕೊಡುತ್ತಾರೆ, ಅದನ್ನು ಮೀರಿದರೆ ಎಸಿಸಿಎಲ್ ಎಂಬ ಸಣ್ಣ ಪೆಟ್ಟಿಗೆ ಫ್ಲ್ಯಾಟಿನ ಸಂಪರ್ಕವನ್ನೇ ಕಡಿದು, ಸ್ವಲ್ಪ ಹೊತ್ತಿನ ನಂತರ ಮತ್ತೆ ಪ್ರಯತ್ನಿಸುತ್ತದೆ. ಹಿಂದಿನ ಬಾಡಿಗೆದಾರರ ಎಲೆಕ್ಟ್ರಿಷಿಯನ್ ಗೀಸರಿನ ಹೊಸ ತಂತಿಯನ್ನು ಗೊತ್ತಿಲ್ಲದೆ ಜನರೇಟರ್ ಇರುವ ಸಾಲಿಗೆ ಸೇರಿಸಿದ್ದರಿಂದ, ಕರೆಂಟು ಹೋದಾಗಲೆಲ್ಲ ನಮ್ಮ ಮನೆಯ ದೀಪಗಳು ಹಬ್ಬದ ಸೀರಿಯಲ್ ಸೆಟ್ಟಿನಂತೆ ಹತ್ತಿ ಆರುತ್ತಿದ್ದವು. ಕಾರಣ ಹುಡುಕಲು ಎರಡು ತಿಂಗಳು ಹಿಡಿಯಿತು.

ನೆಲಮಾಳಿಗೆಯಲ್ಲಿ ಸ್ಕೂಟರ್ ಚಾರ್ಜಿಂಗ್‌ಗೆ ಸಾಕೆಟ್ ಬೇಕಾದರೆ ತಂತಿ ನಿಮ್ಮ ಮೀಟರಿನಿಂದಲೇ ಬರಬೇಕು, ಅದು ಸಾಮಾನ್ಯ ಜಾಗದ ಮೂಲಕ ಹಾಯ್ದು ಬರುವುದರಿಂದ ಮಾಲೀಕರ ಜೊತೆಗೆ ಅಸೋಸಿಯೇಷನ್ನಿನ ಲಿಖಿತ ಒಪ್ಪಿಗೆಯೂ ಬೇಕು. ಕಾರಿಡಾರಿನ ದೀಪದ ಸಾಲಿಗೆ ಚಾರ್ಜರ್ ಸಿಕ್ಕಿಸಿದರೆ ಎಲ್ಲರ ಹಣದಲ್ಲಿ ನಿಮ್ಮ ಸ್ಕೂಟರ್ ಓಡುತ್ತದೆ, ಸಿಕ್ಕಿಬಿದ್ದ ದಿನ ವಾಟ್ಸಾಪ್ ಗುಂಪಿನಲ್ಲಿ ನಿಮ್ಮ ಫೋಟೋ ಓಡುತ್ತದೆ.

ತಂತಿ ಮೇಷ್ಟ್ರು

ಏಸಿಯ ಬಗ್ಗೆ ಹೇಳುವುದು ಮರೆತಿದ್ದೆ. ನಿಮ್ಮ ಬೆಸ್ಕಾಂ ಬಿಲ್ಲಿನಲ್ಲಿ ಆರ್.ಆರ್. ಸಂಖ್ಯೆಯ ಆಸುಪಾಸಿನಲ್ಲೇ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಇರುತ್ತದೆ. ಹಳೆಯ ಮನೆಗಳಲ್ಲಿ ಅದು ಒಂದೋ ಎರಡೋ ಇರುವುದು ಸಾಮಾನ್ಯ. ಗೀಸರ್, ಒಲೆ, ಏಸಿ ಮೂರೂ ಸೇರಿದರೆ 6 ಕಿಲೋವ್ಯಾಟ್ ದಾಟುತ್ತದೆ. ಲೋಡ್ ಹೆಚ್ಚಿಸಲು ಅರ್ಜಿ ಹಾಕಬೇಕಾದವರು ಯಾರ ಹೆಸರಿನಲ್ಲಿ ಸಂಪರ್ಕವಿದೆಯೋ ಅವರು, ಅಂದರೆ ಮಾಲೀಕರು. ಹೆಚ್ಚಾದ ಪ್ರತಿ ಕಿಲೋವ್ಯಾಟಿಗೂ ತಿಂಗಳ ನಿಗದಿತ ಶುಲ್ಕ ಏರುತ್ತದೆ, ಮತ್ತು ನೀವು ಮನೆ ಬಿಟ್ಟ ಮೇಲೂ ಅದು ಹಾಗೇ ಇರುತ್ತದೆ. ಅವರು ಹಿಂದೇಟು ಹಾಕಿದರೆ ಅದಕ್ಕೆ ಕಾರಣವಿದೆ.

ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ಲು ಸೊನ್ನೆ ಬರುತ್ತಿದ್ದರೆ ಇನ್ನೊಂದು ಲೆಕ್ಕವನ್ನೂ ಹಾಕಿ. ಒಂದೂವರೆ ಟನ್ನಿನ ಸಾಮಾನ್ಯ ಏಸಿ ರಾತ್ರಿಗೆ ಆರೇಳು ಗಂಟೆ ಓಡಿದರೆ ಅದೊಂದೇ ಆರರಿಂದ ಎಂಟು ಯೂನಿಟ್ ತಿನ್ನುತ್ತದೆ, ಇಡೀ ತಿಂಗಳಿಗೆ ಹೆಚ್ಚುಕಡಿಮೆ 200 ಯೂನಿಟ್. ಬಳಕೆ 200 ದಾಟಿದ ತಿಂಗಳು ಹೆಚ್ಚುವರಿಗೆ ಮಾತ್ರವಲ್ಲ, ಪೂರ್ತಿ ಬಳಕೆಗೂ ಹಣ ಕಟ್ಟಬೇಕಾಗುತ್ತದೆ.

ಎರಡನೇ ಮಹಡಿ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಪರವಾನಗಿ ಇರುವ ಗುತ್ತಿಗೆದಾರರೊಬ್ಬರನ್ನು ಹುಡುಕಿ ಮೊದಲು ಅಳತೆ ಮಾತ್ರ ಮಾಡಿಸಿದೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ 231 ವೋಲ್ಟ್ ಇತ್ತು, ನ್ಯೂಟ್ರಲ್ ಮತ್ತು ವಾಷಿಂಗ್ ಮಷೀನಿನ ಮೈ ನಡುವೆ 108. ಮೇಷ್ಟ್ರು ಹೇಳಿದಂತೆ ಸುಮಾರು ಅರ್ಧ. ಅಳತೆ ಮಾಡಿದ ಮೀಟರಿನ ಪರದೆಯ ಫೋಟೋ ಸಮೇತ, ಹಣದ ಮಾತೆತ್ತದೆ, ಮಾಲೀಕರಿಗೆ ಸಂದೇಶ ಕಳಿಸಿದೆ. ಎರಡು ದಿನ ಉತ್ತರವಿರಲಿಲ್ಲ. ಮೂರನೆಯ ದಿನ ಅವರೇ ಬಂದರು. ಕೆಳಗಿನ ಮನೆಯ ಸ್ನಾನದ ಮನೆಯಲ್ಲಿ ನಲ್ಲಿ ಮುಟ್ಟಿದರೆ ಚುಚ್ಚಿದಂತಾಗುತ್ತದೆಂದು ಅಲ್ಲಿನ ಅಜ್ಜಿಯೂ ಒಂದು ವರ್ಷದಿಂದ ಹೇಳುತ್ತಿದ್ದರಂತೆ, ಅದನ್ನು ವಯಸ್ಸಿನ ಲಕ್ಷಣವೆಂದು ಎಲ್ಲರೂ ತಳ್ಳಿಹಾಕಿದ್ದರು.

ಅಂಗಳಕ್ಕೆ ಕಾಂಕ್ರೀಟ್ ಹಾಕಿಸಿದಾಗ ಹಳೆಯ ಅರ್ಥ್ ಗುಂಡಿ ಅದರಡಿ ಮುಚ್ಚಿಹೋಗಿ, ಅದರಿಂದ ಬರುತ್ತಿದ್ದ ಕಬ್ಬಿಣದ ಪಟ್ಟಿ ತುಕ್ಕು ಹಿಡಿದು ತುಂಡಾಗಿತ್ತು. ಕಾಂಪೌಂಡಿನ ಪಕ್ಕದ ಮಣ್ಣಿನಲ್ಲಿ ಎರಡೂವರೆ ಮೀಟರ್ ಉದ್ದದ ಜಿಐ ಪೈಪ್ ಇಳಿಸಿ, ಮೂರೂ ಮನೆಗಳಿಗೆ ಹೊಸ ತಂತಿ ಕೊಟ್ಟರು. ಈಗ ನ್ಯೂಟ್ರಲ್ ಮತ್ತು ಅರ್ಥ್ ನಡುವೆ 2 ವೋಲ್ಟ್ ಮಾತ್ರ ಇದೆ. ಇದರ ಪೂರ್ತಿ ಖರ್ಚನ್ನು ಮಾಲೀಕರೇ ಕೊಟ್ಟರು. ಅಡುಗೆಮನೆಗೆ ಕೇಸಿಂಗ್‌ನಲ್ಲಿ ಹೊಸ ಸರ್ಕ್ಯೂಟ್ ಬಂತು. ‘ಹಳೆಯ ಓನರ್’ ಅವರ ಲೆಕ್ಕವನ್ನೇ ಮುಂದಿಟ್ಟಾಗ ತಂತಿಯ ಹಣಕ್ಕೂ ಒಪ್ಪಿದರು.

ನಂತರ ನಡೆದದ್ದೇ ಸ್ವಾರಸ್ಯ. ನಮ್ಮ ಡಿಬಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿದರೆ, ಹಗಲೆಲ್ಲ ನಿಂತದ್ದು ಸಂಜೆ ಆರೂವರೆಗೆ ಸರಿಯಾಗಿ ಬೀಳುತ್ತಿತ್ತು. ಮತ್ತೆ ಎತ್ತಿದರೆ ನಿಲ್ಲುತ್ತಿರಲಿಲ್ಲ. ನಾಲ್ಕು ದಿನ ವಾಷಿಂಗ್ ಮಷೀನ್, ಫ್ರಿಜ್, ದೇವರ ಮನೆಯ ದೀಪ ಎಲ್ಲವನ್ನೂ ಒಂದೊಂದಾಗಿ ಕಳಚಿ ಅನುಮಾನಿಸಿದೆವು.

ತಂತಿ ಮೇಷ್ಟ್ರು

ಆರೂವರೆಗೆ ಹತ್ತುವ, ಆದರೆ ನಿಮ್ಮ ಮನೆಯೊಳಗೆ ಇಲ್ಲದ ದೀಪ ಯಾವುದೆಂದು ನೋಡಿ. ಮೆಟ್ಟಿಲ ದೀಪದ ಫೇಸ್ ನಿಮ್ಮ ಮೀಟರಿನಿಂದ ಹೋಗಿ, ನ್ಯೂಟ್ರಲ್ ಬೇರೆ ಮನೆಯ ಮೀಟರಿಗೆ ಹಿಂದಿರುಗುತ್ತಿರಬೇಕು. ಹೋದ ವಿದ್ಯುತ್ತು ಅದೇ ದಾರಿಯಲ್ಲಿ ಬಾರದಿದ್ದರೆ ಆರ್‌ಸಿಸಿಬಿ ಅದನ್ನು ಸೋರಿಕೆಯೆಂದೇ ತಿಳಿಯುತ್ತದೆ.

ಎರಡನೇ ಮಹಡಿ

ಅದೇ ಆಗಿತ್ತು, ಐದನೆಯ ದಿನ ಗುತ್ತಿಗೆದಾರರೂ ಅಲ್ಲಿಗೇ ಬಂದು ಮುಟ್ಟಿದರು. ಮೂರು ಮಹಡಿಯ ಮೆಟ್ಟಿಲ ದೀಪಗಳು ಮತ್ತು ಗೇಟಿನ ದೀಪದ ಫೇಸ್ ನಮ್ಮದು, ನ್ಯೂಟ್ರಲ್ ನೆಲ ಮಹಡಿಯದು. ಎಷ್ಟು ಬಾಡಿಗೆದಾರರ ಕಾಲದಿಂದ ಹೀಗಿತ್ತೆಂದು ಯಾರಿಗೂ ತಿಳಿಯದು. ಈಗ ಅವನ್ನೆಲ್ಲ ಮಾಲೀಕರ ಪಂಪಿನ ಮೀಟರಿಗೆ ಬದಲಾಯಿಸಿದ್ದಾರೆ. ಆರ್‌ಸಿಸಿಬಿ ಆಮೇಲೆ ಬಿದ್ದಿಲ್ಲ. ನಮ್ಮ ಮಂಜೂರಾದ ಲೋಡ್ 2 ಕಿಲೋವ್ಯಾಟ್ ಎಂದು ಬಿಲ್ಲಿನಲ್ಲಿ ನೋಡಿದ ಮೇಲೆ, ಏಸಿಯ ಮಾತನ್ನು ಕರಾರು ನವೀಕರಿಸುವವರೆಗೆ ಮುಂದೂಡಿ, ಸದ್ಯಕ್ಕೆ ಎರಡು ಬಿಎಲ್‌ಡಿಸಿ ಫ್ಯಾನ್ ತಂದಿದ್ದೇವೆ. ಹಳೆಯವು ಚೀಟಿ ಅಂಟಿಸಿಕೊಂಡು ಅಟ್ಟ ಸೇರಿವೆ.